ಎಷ್ಟು ಹಾಕ್ಲಿ ಸಾರ್?

ಪೆಟ್ರೋಲ್ ಬಂಕ್‌ನಲ್ಲಿ ಗಾಳಿ ಹಾಕೋ ಹುಡುಗ ಪೈಪ್ ಹಿಡ್ಕೊಂಡು ಬಗ್ಗಿ ಕೇಳೋ ಪ್ರಶ್ನೆ ಇದು. ನಮ್ಮಲ್ಲಿ ಬಹುತೇಕರು ಕೊಡೋ ಉತ್ತರವೂ ಒಂದೇ: "ನಾರ್ಮಲ್ ಹಾಕಪ್ಪ." ಅವನು ತಲೆ ಆಡಿಸಿ ತನಗೆ ತೋಚಿದ್ದು ಹಾಕ್ತಾನೆ. ಚಿಕ್ಕ ಕಾರಾದ್ರೆ 30, ದೊಡ್ಡದಾದ್ರೆ 35, ಓನರ್ ಸ್ವಲ್ಪ ಗತ್ತಿನವರಾಗಿ ಕಂಡ್ರೆ ಇನ್ನೊಂದೆರಡು ಜಾಸ್ತಿ. ನಾರ್ಮಲ್ ಅಂದ್ರೆ ಎಷ್ಟು ಅಂತ ಅವನೂ ಕೇಳಲ್ಲ, ನಾವೂ ಹೇಳಲ್ಲ. ಹಾಗಂತ ನಾವು ಸಾಮಾನ್ಯ ಜನ ಅಲ್ಲ. ಇಂಟರ್ನಲ್ಸ್‌ನಲ್ಲಿ ಉತ್ತರದ ಪಕ್ಕ ಯೂನಿಟ್ ಬರೆದಿಲ್ಲ ಅಂತ ಅರ್ಧ ಮಾರ್ಕ್ ಕಟ್ ಆದ್ರೆ ಸ್ಟಾಫ್ ರೂಮ್ ಮುಂದೆ ಕ್ಯೂ ನಿಲ್ಲೋ ಜನ. ಪಿವಿ ಈಕ್ವಲ್ಸ್ ಎನ್‌ಆರ್‌ಟಿ ನಿದ್ದೆಗಣ್ಣಲ್ಲೂ ಹೇಳೋ ಜನ.

ಸೆಮಿಸ್ಟರ್ ಮುಗಿದ ವಾರ ನಮ್ಮ ಗೇಟ್ ಮುಂದೆ ನಿಂತು ನೋಡಿ. ಬಾಡಿಗೆಗೆ ತಂದ ಸೆಲ್ಫ್ ಡ್ರೈವ್ ಕಾರು, ಐದು ಜನ, ಐದು ಬ್ಯಾಗು, ಒಂದು ಸ್ಪೀಕರು. ಚಿಕ್ಕಮಗಳೂರೋ, ಮಡಿಕೇರಿಯೋ, ಗೋಕರ್ಣವೋ. ಹೊರಡೋದು ರಾತ್ರಿ ಹನ್ನೊಂದಕ್ಕೆ. ಕಾರು ಕೈಗೆ ಬಂದ ತಕ್ಷಣ ಮಾಡೋ ಮೊದಲ ಕೆಲಸ ಏನು ಗೊತ್ತಲ್ಲ? ಸುತ್ತ ಓಡಾಡಿ ಬಂಪರ್ ಮೇಲಿನ ಗೀರು, ಬಾಗಿಲಿನ ತಗ್ಗು, ಕನ್ನಡಿಯ ಬಿರುಕು ಎಲ್ಲದರ ಫೋಟೋ, ವೀಡಿಯೋ. ಡೆಪಾಸಿಟ್ ವಾಪಸ್ ಬರಬೇಕಲ್ಲ! ನಾಲ್ಕೂ ಚಕ್ರದ ಪಕ್ಕ ನಿಂತು ಫೋಟೋ ತೆಗೀತೀವಿ, ಅದರೊಳಗೆ ಗಾಳಿ ಎಷ್ಟಿದೆ ಅಂತ ಮಾತ್ರ ನೋಡಲ್ಲ. ಅದೇ ಕಾರಿಗೆ ಹಿಂದಿನ ವಾರ ಯಾರೋ ಎಲ್ಲೋ ಗಾಳಿ ಹಾಕಿಸಿದ್ದರು ಅನ್ನೋ ನಂಬಿಕೆ ಮೇಲೆ ಐದು ಜೀವ ಘಾಟ್ ಇಳಿಯುತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಟೈರ್ ಪ್ರೆಶರ್ ನೋಡೋದು ಮೆಕ್ಯಾನಿಕ್ ಕೆಲಸ ಅಲ್ಲ, ಗಾಡಿ ಓಡಿಸೋರ ಕೆಲಸ. ಆ ಕೆಲಸಕ್ಕೆ ಬೇಕಾದ ಸಾಮಾನು ನಮ್ಮ ಕ್ಯಾಂಪಸ್‌ನಲ್ಲೇ ಇದೆ, ನಾವು ಬಳಸ್ತಿಲ್ಲ. ಕೊನೆಗೆ ಅದಕ್ಕೆ ಬರ್ತೀನಿ.

ಎಲ್ಲರೂ ಇದನ್ನ ಮೈಲೇಜ್ ಲೆಕ್ಕದಲ್ಲಿ ಮಾರ್ತಾರೆ. "ಗಾಳಿ ಸರಿ ಇಟ್ಕೊಳ್ಳಿ, ಪೆಟ್ರೋಲ್ ಉಳಿಸಿ" ಅನ್ನೋ ಬೋರ್ಡ್ ನೋಡೇ ಇರ್ತೀರ. ಸುಳ್ಳಲ್ಲ, ಆದ್ರೆ ಬಹಳ ಸಣ್ಣ ಸತ್ಯ. ಅಮೆರಿಕದ ಇಂಧನ ಇಲಾಖೆಯ ಅಂದಾಜಿನ ಪ್ರಕಾರ ನಾಲ್ಕೂ ಟೈರ್‌ಗಳಲ್ಲಿ ಸರಾಸರಿ 1 ಪಿಎಸ್‌ಐ ಕಮ್ಮಿಯಾದ್ರೆ ಮೈಲೇಜ್ ಇಳಿಯೋದು ಶೇ. 0.2ರಷ್ಟು. ಅಂದ್ರೆ 8 ಪಿಎಸ್‌ಐ ಕಮ್ಮಿ ಇದ್ರೂ ಶೇ. 2 ದಾಟಲ್ಲ. ಲೀಟರ್‌ಗೆ 18 ಕೊಡೋ ಕಾರು 17.7 ಕೊಡುತ್ತೆ. ಇಷ್ಟಕ್ಕಾಗಿ ಬೆಳಗ್ಗೆ ಬೇಗ ಎದ್ದು ಯಾರು ಗಾಳಿ ನೋಡ್ತಾರೆ? ನಾನಂತೂ ನೋಡಲ್ಲ. ತಪ್ಪು ಕಾರಣ ಕೊಟ್ಟಿದ್ದಕ್ಕೇ ಜನ ಇದನ್ನ ಸೀರಿಯಸ್ ಆಗಿ ತಗೊಂಡಿಲ್ಲ ಅನ್ನೋದು ನನ್ನ ಅನುಮಾನ. ನಿಜವಾದ ಕಾರಣ ಬೇರೆ ಇದೆ: ಬ್ರೇಕು, ತಿರುವು, ಮಳೆ, ಶಾಖ.

ಒಂದು ಲೆಕ್ಕ ಮಾಡೋಣ. ಸಣ್ಣ ಕಾರು, ಡ್ರೈವರ್ ಸೇರಿ ಸುಮಾರು 1000 ಕೆ.ಜಿ. ಅಂದ್ಕೊಳ್ಳಿ. ಒಂದು ಚಕ್ರಕ್ಕೆ 250 ಕೆ.ಜಿ. 33 ಪಿಎಸ್‌ಐ ಅಂದ್ರೆ ಚದರ ಸೆಂಟಿಮೀಟರ್‌ಗೆ ಸುಮಾರು 2.3 ಕೆ.ಜಿ. ಭಾಗಿಸಿದ್ರೆ ಬರೋದು 108 ಚದರ ಸೆಂ.ಮೀ. ಅಂಚೆ ಕಚೇರಿಯಲ್ಲಿ ಸಿಗೋ ಪೋಸ್ಟ್‌ಕಾರ್ಡ್ ಇದಕ್ಕಿಂತ ಸ್ವಲ್ಪ ದೊಡ್ಡದು. ಟೈರಿನ ಗೋಡೆಯ ಗಟ್ಟಿತನವೂ ಸ್ವಲ್ಪ ಭಾರ ಹೊರೋದ್ರಿಂದ ಈ ಲೆಕ್ಕ ಕರಾರುವಾಕ್ಕಲ್ಲ, ಆದ್ರೆ ಅಂದಾಜು ಸಿಕ್ತು. ನಾಲ್ಕು ಪೋಸ್ಟ್‌ಕಾರ್ಡ್ ಮೇಲೆ ನಿಂತ್ಕೊಂಡು ನಾವು ಗಂಟೆಗೆ ನೂರು ಕಿಲೋಮೀಟರ್ ಹೋಗ್ತೀವಿ, ಬ್ರೇಕ್ ಹಾಕ್ತೀವಿ, ಲಾರಿ ಓವರ್‌ಟೇಕ್ ಮಾಡ್ತೀವಿ. ಭಾರ ಹೊರೋದು ರಬ್ಬರ್ ಅಂತ ನಮಗನಿಸುತ್ತೆ. ಹೊರೋದು ಗಾಳಿ. ರಬ್ಬರ್ ಅದನ್ನ ಹಿಡಿದಿಟ್ಟಿರೋ ಚೀಲ, ಅಷ್ಟೇ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್‌ಗೋಸ್ಕರ ಗಾಳಿ ತುಂಬಿದ ಟೈರ್ ಮಾಡಿ ಪೇಟೆಂಟ್ ತಗೊಂಡ. ಸ್ಕಾಟ್‌ಲೆಂಡ್‌ನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಅದನ್ನ ಮಾಡಿ ಪೇಟೆಂಟ್ ಪಡೆದಿದ್ದ ಅಂತ ಆಮೇಲೆ ಗೊತ್ತಾಗಿ ಡನ್‌ಲಪ್ ಪೇಟೆಂಟ್ ಬಿದ್ದುಹೋಯ್ತು. ಪ್ರಾಜೆಕ್ಟ್ ಮಾಡೋರಿಗೆ ಲಿಟರೇಚರ್ ಸರ್ವೇ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಇಲ್ಲಿ ಒಬ್ಬ ಬುದ್ಧಿವಂತ ಕೈ ಎತ್ತುತ್ತಾನೆ: "ಹಾಗಾದ್ರೆ ಗಾಳಿ ಕಮ್ಮಿ ಮಾಡಿದ್ರೆ ನೆಲಕ್ಕೆ ತಾಗೋ ಜಾಗ ಜಾಸ್ತಿ ಆಗುತ್ತಲ್ಲ, ಗ್ರಿಪ್ ಹೆಚ್ಚಾಗಲ್ವಾ?" ಮರಳಲ್ಲಿ ಜೀಪ್ ಓಡಿಸೋರು ಮಾಡೋದು ಅದನ್ನೇ, ನಿಜ. ಆದ್ರೆ ಡಾಂಬರ್ ಮೇಲೆ ಕಥೆ ಬೇರೆ. ಗಾಳಿ ಕಮ್ಮಿಯಾದಾಗ ಭಾರ ಟೈರಿನ ಎರಡೂ ಅಂಚಿಗೆ ಹೋಗುತ್ತೆ, ನಡುಭಾಗ ಒಳಕ್ಕೆ ಸರಿಯೋಕೆ ನೋಡುತ್ತೆ. ಅದಕ್ಕೇ ಅಂಥ ಟೈರ್ ಎರಡು ಪಕ್ಕ ಸವೆದಿರುತ್ತೆ, ಗಾಳಿ ಜಾಸ್ತಿ ಇರೋ ಟೈರ್ ಮಧ್ಯದಲ್ಲಿ ಸವೆದಿರುತ್ತೆ. ಹಳೇ ಟೈರ್ ನೋಡಿ ಅದರ ಓನರ್ ಎಂಥವನು ಅಂತ ಹೇಳಬಹುದು.

ಮಳೆಯಲ್ಲಿ ಇದರ ಬೆಲೆ ಗೊತ್ತಾಗುತ್ತೆ. ರಸ್ತೆ ಮೇಲೆ ನೀರು ನಿಂತಾಗ ಟೈರ್ ಆ ನೀರನ್ನ ಪಕ್ಕಕ್ಕೆ ತಳ್ಳಬೇಕು. ವೇಗ ಹೆಚ್ಚಾದಂತೆ ನೀರಿನ ಒತ್ತಡ ಹೆಚ್ಚಾಗುತ್ತೆ, ಒಂದು ಹಂತದಲ್ಲಿ ಅದು ಟೈರನ್ನೇ ಎತ್ತಿಬಿಡುತ್ತೆ. ಸ್ಟೇರಿಂಗ್ ಕೈಯಲ್ಲಿರುತ್ತೆ, ಕಾರು ಇರಲ್ಲ. ಇದೇ ಹೈಡ್ರೋಪ್ಲೇನಿಂಗ್. ವಿಮಾನದ ಟೈರ್‌ಗಳ ಮೇಲೆ ಪ್ರಯೋಗ ಮಾಡಿದ ನಾಸಾ 1963ರಲ್ಲಿ ಇದಕ್ಕೊಂದು ಸರಳ ಸೂತ್ರ ಪ್ರಕಟಿಸಿತು: ಪಿಎಸ್‌ಐನಲ್ಲಿರೋ ಒತ್ತಡದ ವರ್ಗಮೂಲವನ್ನ 9ರಿಂದ ಗುಣಿಸಿದ್ರೆ ಟೈರ್ ತೇಲೋಕೆ ಶುರುವಾಗೋ ವೇಗ ನಾಟ್‌ಗಳಲ್ಲಿ ಸಿಗುತ್ತೆ. ಕಿಲೋಮೀಟರ್‌ಗೆ ತಂದ್ರೆ ವರ್ಗಮೂಲಕ್ಕೆ 16.7ರ ಗುಣಾಕಾರ. 33 ಪಿಎಸ್‌ಐ ಇದ್ರೆ ಗಂಟೆಗೆ ಸುಮಾರು 96 ಕಿ.ಮೀ. ಅದೇ 24ಕ್ಕೆ ಇಳಿದ್ರೆ ಸುಮಾರು 82. ಇದು ನುಣ್ಣಗೆ ಸವೆದ ಟೈರ್, ಚೆನ್ನಾಗಿ ನಿಂತ ನೀರು ಅನ್ನೋ ಕೆಟ್ಟ ಸಂದರ್ಭದ ಲೆಕ್ಕ. ಒಳ್ಳೆ ಗೆರೆಗಳಿರೋ ಹೊಸ ಟೈರ್ ಇದಕ್ಕಿಂತ ಚೆನ್ನಾಗಿ ನಿಭಾಯಿಸುತ್ತೆ. ಆದ್ರೆ ಬಾಡಿಗೆ ಕಾರಿನ ಟೈರ್ ಹೊಸದಾಗಿರುತ್ತೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿನ ವೇಗಮಿತಿ 100. ಜುಲೈ ತಿಂಗಳ ಒಂದು ಸಂಜೆ, ಜೋರು ಮಳೆ, ಗಾಳಿ ಇಳಿದ ಟೈರು. ಆ 96 ಮತ್ತು 82ರ ನಡುವಿನ ಹದಿನಾಲ್ಕು ಕಿಲೋಮೀಟರ್ ಎಲ್ಲಿ ಬೀಳುತ್ತೆ ಅಂತ ನೀವೇ ನೋಡ್ಕೊಳ್ಳಿ.

ಇನ್ನು ಬೇಸಿಗೆ. ನಮ್ಮ ಕಡೆ ಒಂದು ಗಟ್ಟಿ ನಂಬಿಕೆ ಇದೆ: "ಬಿಸಿಲಲ್ಲಿ ಗಾಳಿ ಹಿಗ್ಗುತ್ತೆ, ಟೈರ್ ಸಿಡಿಯುತ್ತೆ, ಅದಕ್ಕೆ ಬೇಸಿಗೇಲಿ ಎರಡು ಮೂರು ಪಾಯಿಂಟ್ ಕಮ್ಮಿ ಇಡಬೇಕು." ಮನೇಲಿ ದೊಡ್ಡೋರೂ ಹೇಳ್ತಾರೆ, ಪಂಕ್ಚರ್ ಅಂಗಡಿಯವರೂ ಹೇಳ್ತಾರೆ. ಮೊದಲ ಅರ್ಧ ಸರಿ, ಕೊನೆ ಅರ್ಧ ಪೂರ್ತಿ ಉಲ್ಟಾ. ಗಾಳಿ ಹಿಗ್ಗೋದು ಎಷ್ಟು? 27 ಡಿಗ್ರಿಯಲ್ಲಿ 33 ಪಿಎಸ್‌ಐ ಇದೆ ಅಂದ್ಕೊಳ್ಳಿ. ಗೇಜ್ ತೋರಿಸೋದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅನ್ನೋದನ್ನ. ಲೆಕ್ಕಕ್ಕೆ ಬೇಕಾದ ಪೂರ್ತಿ ಒತ್ತಡ 33ಕ್ಕೆ 14.7 ಸೇರಿಸಿ 47.7. ಇದನ್ನ ಮರೆತೇ ಎಷ್ಟೋ ಜನ ಎಕ್ಸಾಮ್‌ನಲ್ಲಿ ಎಡವೋದು. ಓಡಿ ಓಡಿ ಟೈರ್ ಒಳಗೆ 57 ಡಿಗ್ರಿ ಆಯ್ತು, ಅಂದ್ರೆ 300 ಕೆಲ್ವಿನ್‌ನಿಂದ 330ಕ್ಕೆ. 47.7 ಈಗ 52.5 ಆಗುತ್ತೆ, ಗೇಜ್‌ನಲ್ಲಿ ಸುಮಾರು 38. ಐದು ಪಾಯಿಂಟ್ ಏರಿತು. ಕಾರಿನ ಟೈರ್ ಪಕ್ಕದಲ್ಲಿ ಗರಿಷ್ಠ ಒತ್ತಡ ಅಂತ ಅಚ್ಚಾಗಿರೋದು ಸಾಮಾನ್ಯವಾಗಿ 44 ಅಥವಾ 51. ಈ ಐದು ಪಾಯಿಂಟ್ ಏರುತ್ತೆ ಅಂತ ಟೈರ್ ಮಾಡಿದವರಿಗೂ ಕಾರ್ ಮಾಡಿದವರಿಗೂ ಗೊತ್ತು. ಅದಕ್ಕೇ ಅವರು ತಣ್ಣಗಿರೋವಾಗಿನ ಸಂಖ್ಯೆ ಕೊಟ್ಟಿರೋದು.

ಟೈರನ್ನ ಕೊಲ್ಲೋದು ಒಳಗಿನ ಒತ್ತಡ ಅಲ್ಲ, ಗೋಡೆಯ ಬಾಗುವಿಕೆ. ಗಾಳಿ ಕಮ್ಮಿ ಇದ್ದಾಗ ಪ್ರತಿ ಸುತ್ತಿಗೂ ಸೈಡ್‌ವಾಲ್ ಹೆಚ್ಚು ಮಡಚಿ ಬಿಚ್ಚುತ್ತೆ. ರಬ್ಬರ್ ಪೂರ್ತಿ ಸ್ಪ್ರಿಂಗ್ ಅಲ್ಲ, ಮಡಚೋಕೆ ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ಶಾಖವಾಗಿ ಒಳಗೇ ಉಳಿಯುತ್ತೆ. ಹಿಸ್ಟೆರಿಸಿಸ್ ಅಂತ ಓದಿದ್ದು ಇದನ್ನೇ. ಒಂದು ತಂತಿಯನ್ನ ಹತ್ತು ಸಲ ಹಿಂದೆ ಮುಂದೆ ಬಗ್ಗಿಸಿ ಮುಟ್ಟಿ ನೋಡಿ, ಬೆರಳಿಗೇ ಗೊತ್ತಾಗುತ್ತೆ. ಕಾರಿನ ಚಕ್ರ ನೂರರ ವೇಗದಲ್ಲಿ ಸೆಕೆಂಡಿಗೆ ಹದಿನಾಲ್ಕು ಹದಿನೈದು ಸುತ್ತು ಹೊಡೆಯುತ್ತೆ. ಮೂರು ಗಂಟೆ ಹೀಗೇ ಹೋದ್ರೆ ರಬ್ಬರ್ ಮತ್ತು ಒಳಗಿನ ಉಕ್ಕಿನ ಪಟ್ಟಿಗಳ ನಡುವಿನ ಅಂಟು ಬಿಡೋಕೆ ಶುರುವಾಗುತ್ತೆ. ಸಿಡಿಯೋದು ಆಮೇಲೆ. ಬೇಸಿಗೇಲಿ ಗಾಳಿ ಕಮ್ಮಿ ಮಾಡಿ ಅಂತ ಹೇಳೋರು ಯಾವ ಅಪಾಯ ತಪ್ಪಿಸ್ತೀವಿ ಅಂದ್ಕೊಂಡಿದ್ದಾರೋ ಅದನ್ನೇ ಕರೆದು ಕೂರಿಸ್ತಿದ್ದಾರೆ.

ಇನ್ನೂ ಕೆಟ್ಟದ್ದು, ಹೆದ್ದಾರಿ ಮಧ್ಯೆ ಕಾಫಿಗೆ ನಿಲ್ಲಿಸಿ ಬಿಸಿ ಟೈರ್ ನೋಡಿ "ಅಯ್ಯೋ 38 ಆಗಿದೆ" ಅಂತ 33ಕ್ಕೆ ಇಳಿಸೋದು. ಮೇಲಿನ ಲೆಕ್ಕವನ್ನೇ ಹಿಂದಕ್ಕೆ ಮಾಡಿದ್ರೆ, ಮಾರನೇ ದಿನ ಬೆಳಗ್ಗೆ ಟೈರ್ ತಣ್ಣಗಾದಾಗ ಇರೋದು 28.7. ವಾಪಸ್ ಬರೋ ಪ್ರಯಾಣ ಅದರ ಮೇಲೇ.

ಅಮೆರಿಕದವರು ಈ ಪಾಠವನ್ನ ಬಹಳ ದುಬಾರಿ ಬೆಲೆ ಕೊಟ್ಟು ಕಲಿತರು. ಫೋರ್ಡ್ ಎಕ್ಸ್‌ಪ್ಲೋರರ್ ಅನ್ನೋ ಎಸ್‌ಯುವಿಗೆ ಫೈರ್‌ಸ್ಟೋನ್ ಟೈರ್ ಬರ್ತಿತ್ತು. ಓಡ್ತಿರೋವಾಗಲೇ ಮೇಲಿನ ಪದರ ಕಿತ್ತು ಬಂದು ಗಾಡಿ ಪಲ್ಟಿ ಹೊಡೆಯೋ ಪ್ರಕರಣಗಳು ಸಾಲು ಸಾಲಾಗಿ ಬಂದವು, ಅದರಲ್ಲೂ ಟೆಕ್ಸಾಸ್, ಫ್ಲೋರಿಡಾ, ಅರಿಜೋನಾದಂಥ ಬಿಸಿಲ ನಾಡಲ್ಲಿ. 2000ದ ಆಗಸ್ಟ್‌ನಲ್ಲಿ ಸುಮಾರು 65 ಲಕ್ಷ ಟೈರ್ ವಾಪಸ್ ಕರೆಸಿದರು. ಸತ್ತವರು 270ಕ್ಕೂ ಹೆಚ್ಚು. ಆಗ ಹೊರಬಿದ್ದ ಸಂಗತಿಗಳಲ್ಲಿ ಒಂದು ಈ ಪ್ರೆಶರ್ ವಿಷಯ: ಫೋರ್ಡ್ ಹೇಳಿದ್ದು 26 ಪಿಎಸ್‌ಐ, ಫೈರ್‌ಸ್ಟೋನ್ ಹೇಳಿದ್ದು 30. ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹಾಕಿ ನೂರು ವರ್ಷದ ಹತ್ತಿರದ ನಂಟು ಹರ್ಕೊಂಡರು. ತನಿಖೆ ಮಾಡಿದ ಸರ್ಕಾರಿ ಸಂಸ್ಥೆ ಟೈರಿನಲ್ಲೇ ದೋಷ ಇದೆ ಅಂತ ಹೇಳಿತು, ಹಾಗಾಗಿ ಎಲ್ಲವನ್ನೂ ಗಾಳಿ ತಲೆಗೆ ಕಟ್ಟೋದು ನ್ಯಾಯ ಅಲ್ಲ. ಆದ್ರೆ ದುರ್ಬಲ ಟೈರ್‌ಗೆ ಕಮ್ಮಿ ಗಾಳಿ, ಹೆಚ್ಚು ಭಾರ, ಬಿಸಿ ರಸ್ತೆ ಮೂರೂ ಸೇರಿದ್ರೆ ಉಳಿಯೋ ಅಂತರ ಎಷ್ಟು ತೆಳು ಅಂತ ಜಗತ್ತಿಗೆ ಗೊತ್ತಾಯ್ತು. ಅದೇ ವರ್ಷ ನವೆಂಬರ್‌ನಲ್ಲಿ ಅಲ್ಲಿ ಕಾನೂನೇ ಬಂತು. ಅದರಿಂದ ಹುಟ್ಟಿದ್ದೇ ಟಿಪಿಎಂಎಸ್, ಟೈರ್ ಒತ್ತಡ ಇಳಿದ್ರೆ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹೊತ್ತೋ ವ್ಯವಸ್ಥೆ.

"ನಮ್ಮ ಕಾರಲ್ಲಿ ಟಿಪಿಎಂಎಸ್ ಇದೆ, ನೀನು ಇಷ್ಟೊತ್ತು ಕೊರೆದಿದ್ದು ನಮಗಲ್ಲ" ಅನ್ನೋರಿಗೆ ಒಂದು ಮಾತು. ಆ ಅಮೆರಿಕನ್ ನಿಯಮದ ಪ್ರಕಾರ ದೀಪ ಹೊತ್ತಲೇಬೇಕಾದ್ದು ಒತ್ತಡ ಶೇ. 25ರಷ್ಟು ಕುಸಿದಾಗ. 33 ಇರಬೇಕಾದ ಕಡೆ 25ರ ಹತ್ತಿರ ಬಂದಾಗ. ಅಲ್ಲೀವರೆಗೂ ದೀಪ ಇಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತಲ್ಲ. ಇನ್ನು ಕೆಲವು ಕಾರುಗಳಲ್ಲಿ ಟೈರ್ ಒಳಗೆ ಸೆನ್ಸರೇ ಇರಲ್ಲ. ಎಬಿಎಸ್‌ನ ಚಕ್ರ ವೇಗದ ಸೆನ್ಸರ್‌ನಿಂದ ಊಹೆ ಮಾಡುತ್ತೆ: ಗಾಳಿ ಇಳಿದ ಚಕ್ರದ ತ್ರಿಜ್ಯ ಕೂದಲೆಳೆ ಕಮ್ಮಿಯಾಗಿ ಉಳಿದವಕ್ಕಿಂತ ಸ್ವಲ್ಪ ಜೋರಾಗಿ ತಿರುಗುತ್ತೆ ಅನ್ನೋ ತರ್ಕ. ಚೆಂದದ ಐಡಿಯಾ, ಎಲೆಕ್ಟ್ರಾನಿಕ್ಸ್‌ನವರು ಒಂದ್ಸಲ ಕೂತು ನೋಡಿ. ಆದ್ರೆ ತಿಂಗಳುಗಟ್ಟಲೆ ನಾಲ್ಕೂ ಟೈರ್ ಸಮನಾಗಿ ಇಳಿದ್ರೆ ಹೋಲಿಸೋಕೆ ಯಾರಿದ್ದಾರೆ? ಎಲ್ಲರೂ ಒಟ್ಟಿಗೆ ಫೇಲಾದ ಕ್ಲಾಸ್‌ನಲ್ಲಿ ರಿಲೇಟಿವ್ ಗ್ರೇಡಿಂಗ್ ಮಾಡಿದ ಹಾಗೆ.

ಸಮನಾಗಿ ಇಳಿಯೋದೇ ಸಾಮಾನ್ಯ ಕೂಡ. ಪಂಕ್ಚರ್ ಏನೂ ಇಲ್ಲದ ಒಳ್ಳೆ ಟೈರ್ ಕೂಡ ತಿಂಗಳಿಗೆ ಒಂದು ಪಿಎಸ್‌ಐ ಆಸುಪಾಸು ಕಳ್ಕೊಳ್ಳುತ್ತೆ, ರಬ್ಬರ್ ಮೂಲಕವೇ ಗಾಳಿ ಸೋರುತ್ತೆ. ಅದರ ಮೇಲೆ ಹವಾಮಾನ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿಯಲ್ಲಿ, ನೆರಳಲ್ಲಿ ನಿಂತ ಕಾರಿಗೆ 33 ಹಾಕಿಸಿ ಮರೆತರೆ, ಡಿಸೆಂಬರ್‌ನ 15 ಡಿಗ್ರಿ ಮುಂಜಾನೆ ಅದು 29ರ ಸುತ್ತ ಇರುತ್ತೆ, ಒಂದು ತೊಟ್ಟೂ ಸೋರದೆ. ಸೋರಿದ್ದನ್ನೂ ಕಳೆದ್ರೆ ದೀಪದ ಗೆರೆ ಮುಟ್ಟಿದ ಹಾಗೆ. ಎತ್ತರದ್ದು ಇನ್ನೊಂದು ಮಜಾ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಮೇಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಮಂಗಳೂರಿಗಿಂತ ಸುಮಾರು 1.5 ಪಿಎಸ್‌ಐ ಕಮ್ಮಿ. ಹಾಗಾಗಿ ಇಲ್ಲಿ 33 ತೋರಿಸಿದ ಟೈರ್ ಶಿರಾಡಿ ಘಾಟ್ ಇಳಿದು ಮಂಗಳೂರು ಸೇರಿದ್ರೆ 31.5 ತೋರಿಸಬೇಕು. ಆದ್ರೆ ಅಲ್ಲಿ ಸೆಕೆ ಜಾಸ್ತಿ, ಬೆಳಗ್ಗೆಯೇ 27 ಡಿಗ್ರಿ. ಬೆಂಗಳೂರಿನ 20 ಡಿಗ್ರಿಗೆ ಹೋಲಿಸಿದ್ರೆ ಅದರಿಂದ ಒಂದು ಪಾಯಿಂಟ್ ವಾಪಸ್ ಬರುತ್ತೆ. ಹೋಗಿದ್ದು ಬಂದಿದ್ದು ಕಳೆದು 32.6. ವೈವಾದಲ್ಲಿ ಕೇಳೋಕೆ ಒಳ್ಳೆ ಪ್ರಶ್ನೆ, ಯಾರೂ ಕೇಳಲ್ಲ.

ನೈಟ್ರೋಜನ್ ಬಗ್ಗೆ ಹೇಳದೆ ಇದ್ರೆ ಕಾಮೆಂಟ್‌ನಲ್ಲಿ ಅದೇ ಬರುತ್ತೆ, ಅದಕ್ಕೆ ಚುಟುಕಾಗಿ. ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಬಿಸಿಯಾದ್ರೆ ಅದೂ ಅಷ್ಟೇ ಹಿಗ್ಗುತ್ತೆ, ಗ್ಯಾಸ್ ನಿಯಮ ಹೆಸರು ಕೇಳಲ್ಲ. ಸೋರೋದು ಸ್ವಲ್ಪ ನಿಧಾನ, ತೇವ ಇರಲ್ಲ, ಅದು ಲಾಭ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 30 ಪಿಎಸ್‌ಐ ತುಂಬಿದ ಟೈರ್‌ಗಳನ್ನ ಒಂದು ವರ್ಷ ಇಟ್ಟು ನೋಡಿತ್ತು. ಗಾಳಿ ತುಂಬಿದ್ದು ಸರಾಸರಿ 3.5 ಕಳ್ಕೊಂಡಿತು, ನೈಟ್ರೋಜನ್ ತುಂಬಿದ್ದು 2.2. ವರ್ಷಕ್ಕೆ 1.3ರ ವ್ಯತ್ಯಾಸಕ್ಕೆ ಪ್ರತಿ ಸಲ ದುಡ್ಡು ಕೊಡೋಕೆ ನನಗೆ ಮನಸ್ಸಿಲ್ಲ. ಬಂಕ್‌ಗಳಲ್ಲಿ ಗಾಳಿ ಫ್ರೀ ಕೊಡಬೇಕು ಅಂತ ಆಯಿಲ್ ಕಂಪನಿಗಳ ನಿಯಮವೇ ಇದೆ. "ನೈಟ್ರೋಜನ್ ಹಾಕಿಸಿದೀನಿ, ಆರು ತಿಂಗಳು ನೋಡೋದೇ ಬೇಡ" ಅನ್ನೋ ಧೈರ್ಯ ಮಾತ್ರ ಆ ನೈಟ್ರೋಜನ್ ಜೊತೆ ಉಚಿತವಾಗಿ ಬರುತ್ತೆ, ಅದು ಬೇಡ.

ಹಾಗಾದ್ರೆ ನಾರ್ಮಲ್ ಅಂದ್ರೆ ಎಷ್ಟು? ಡ್ರೈವರ್ ಬಾಗಿಲು ತೆಗೆದು ಪಕ್ಕದ ಕಂಬ ನೋಡಿ, ಒಂದು ಸ್ಟಿಕರ್ ಇರುತ್ತೆ. ಕೆಲವದರಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಅದೇ ನಿಮ್ಮ ಕಾರಿನ ಉತ್ತರ, ಟೈರ್ ಪಕ್ಕದ ಗರಿಷ್ಠ ಸಂಖ್ಯೆ ಅಲ್ಲ. ಎಷ್ಟೋ ಕಾರಿನ ಸ್ಟಿಕರ್‌ನಲ್ಲಿ ಎರಡು ಸಾಲು ಇರುತ್ತೆ, ಒಂದು ಇಬ್ಬರು ಮೂವರಿಗೆ, ಇನ್ನೊಂದು ಫುಲ್ ಲೋಡ್‌ಗೆ. ಆ ಎರಡನೇ ಸಾಲು ಬರೆದಿರೋದೇ ನಮ್ಮಂಥ ಐದು ಜನ ಐದು ಬ್ಯಾಗ್‌ನವರಿಗೆ, ಹಿಂದಿನ ಟೈರ್‌ಗೆ ಅದರಲ್ಲಿ ಕೆಲವು ಪಾಯಿಂಟ್ ಜಾಸ್ತಿ ಇರುತ್ತೆ. ನೋಡಬೇಕಾದ್ದು ತಣ್ಣಗಿರೋವಾಗ: ಮೂರು ಗಂಟೆ ನಿಂತಿರಬೇಕು, ಇಲ್ಲ ಅಂದ್ರೆ ಒಂದೂವರೆ ಕಿಲೋಮೀಟರ್‌ಗಿಂತ ಹೆಚ್ಚು ಓಡಿರಬಾರದು. ಬಂಕ್ ದೂರ ಇದ್ರೆ ಬೆಳಗ್ಗೆ ನಿಂತಲ್ಲೇ ನಿಮ್ಮ ಗೇಜ್‌ನಿಂದ ನೋಡಿ, ನಾಲ್ಕು ಕಮ್ಮಿ ಇತ್ತು ಅಂದ್ರೆ ಬಂಕ್‌ನಲ್ಲಿ ಆಗ ಎಷ್ಟೇ ತೋರಿಸಲಿ, ಅದರ ಮೇಲೆ ನಾಲ್ಕು ಹಾಕಿಸಿ. ಕಣ್ಣಲ್ಲಿ ನೋಡಿ, ಕಾಲಲ್ಲಿ ಒದ್ದು ಹೇಳೋ ವಿದ್ಯೆ ಟ್ಯೂಬ್‌ಲೆಸ್ ರೇಡಿಯಲ್ ಟೈರ್ ಮುಂದೆ ನಡೆಯಲ್ಲ. ಸರಿ ಇದ್ದಾಗಲೂ ಅದರ ಹೊಟ್ಟೆ ಸ್ವಲ್ಪ ಉಬ್ಬಿರುತ್ತೆ, 25ಕ್ಕೂ 33ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣಲ್ಲ.

ಈಗ ಕ್ಯಾಂಪಸ್ ವಿಷಯ. ಮೆಕ್ಯಾನಿಕಲ್‌ನವರ ಮೆಷರ್‌ಮೆಂಟ್ಸ್ ಲ್ಯಾಬ್‌ನಲ್ಲಿ ಪ್ರೆಶರ್ ಗೇಜ್ ಕ್ಯಾಲಿಬ್ರೇಶನ್ ಅಂತ ಒಂದು ಪ್ರಯೋಗ ಇದೆ. ಡೆಡ್ ವೇಟ್ ಟೆಸ್ಟರ್ ಮೇಲೆ ತೂಕ ಇಡೋದು, ಗೇಜ್ ನೋಡೋದು, ಎರರ್ ಗ್ರಾಫ್ ಹಾಕೋದು. ಪ್ರತಿ ವರ್ಷ ಅದೇ ಗೇಜು, ಅದೇ ರೀಡಿಂಗು, ಸೀನಿಯರ್ ರೆಕಾರ್ಡ್‌ನಿಂದ ಇಳಿದು ಬಂದ ಅದೇ ಗ್ರಾಫು. ಲ್ಯಾಬ್‌ನ ಗೇಜ್ ಹತ್ತು ವರ್ಷದಿಂದ ಕ್ಯಾಲಿಬ್ರೇಟ್ ಆಗ್ತಾನೇ ಇದೆ, ಯಾವ ಟೈರನ್ನೂ ನೋಡಿಲ್ಲ. ಗೇಟ್ ಹೊರಗಿನ ಪಂಕ್ಚರ್ ಅಂಗಡಿಯ ಗೇಜ್ ದಿನಕ್ಕೆ ಎಷ್ಟೋ ಟೈರ್ ನೋಡುತ್ತೆ, ಯಾವತ್ತೂ ಕ್ಯಾಲಿಬ್ರೇಟ್ ಆದಂತೆ ಕಾಣಲ್ಲ. ಅವೆರಡನ್ನೂ ಪರಿಚಯ ಮಾಡಿಸೋಣ ಅನ್ನೋದು ನನ್ನ ಪ್ರಸ್ತಾಪ. ಪ್ರತಿ ಬ್ಯಾಚ್ ತಮ್ಮ ಕೈಗೇಜ್, ಸುತ್ತಲಿನ ಅಂಗಡಿಗಳವರು ಒಪ್ಪಿದ್ರೆ ಅವರ ಗೇಜ್ ತಂದು ಪರೀಕ್ಷೆ ಮಾಡಲಿ, ಎಷ್ಟು ಹೆಚ್ಚು ಎಷ್ಟು ಕಮ್ಮಿ ತೋರಿಸುತ್ತೆ ಅಂತ ಚೀಟಿ ಅಂಟಿಸಿ ವಾಪಸ್ ಕೊಡಲಿ. ಲ್ಯಾಬ್‌ಗೆ ಬೇರೆ ಖರ್ಚಿಲ್ಲ, ರೆಕಾರ್ಡ್‌ಗೆ ಹೊಸ ರೀಡಿಂಗ್ ಸಿಗುತ್ತೆ, ಕಾಪಿ ಹೊಡೆಯೋಕೂ ಆಗಲ್ಲ.

ಇದಕ್ಕೆ ವಿರೋಧ ಬರುತ್ತೆ ಅಂತ ಗೊತ್ತು. ಸಿಲಬಸ್‌ನಲ್ಲಿ ಇಲ್ಲ ಅಂತಾರೆ. ಅಂಗಡಿಯವರು ತಮ್ಮ ಮೇಲೆ ಅನುಮಾನ ಅಂದ್ಕೊಳ್ಳಬಹುದು, ಅದು ನಿಜವಾದ ಕಷ್ಟ, ಮಾತಾಡಿ ಒಪ್ಪಿಸಬೇಕು. ನಮ್ಮಲ್ಲಿ ಹೆಚ್ಚಿನವರ ಹತ್ರ ಇರೋದು ಬೈಕು, ಕಾರಲ್ಲ ಅಂತಾನೂ ಹೇಳ್ತಾರೆ. ಬೈಕ್‌ಗೆ ಇದು ಇನ್ನೂ ಮುಖ್ಯ ಕಣ್ರೀ, ಅಲ್ಲಿ ಪೋಸ್ಟ್‌ಕಾರ್ಡ್‌ಗಳು ಎರಡೇ, ಅವೂ ಇನ್ನೂ ಚಿಕ್ಕವು. ಹಿಂದೆ ಒಬ್ಬರು ಕೂತರೆ ಎಷ್ಟಿರಬೇಕು ಅಂತ ಅದರ ಮೇಲೂ ಸ್ಟಿಕರ್ ಇರುತ್ತೆ.

ಪಾರ್ಕಿಂಗ್ ಪಕ್ಕದ ಸೆಕ್ಯುರಿಟಿ ರೂಮ್‌ನಲ್ಲಿ ಒಂದು ಒಳ್ಳೆ ಗೇಜ್, ಒಂದು ಫುಟ್ ಪಂಪ್ ಇಟ್ಟು, ಟ್ರಿಪ್ ಹೊರಡೋರು ರಿಜಿಸ್ಟರ್‌ನಲ್ಲಿ ಸಹಿ ಮಾಡೋವಾಗ ನಾಲ್ಕು ಸಂಖ್ಯೆ ಬರೆದು ಹೋಗೋ ಹಾಗೆ ಮಾಡಬಹುದು. ಸ್ಟೆಪ್ನಿ ಇದ್ರೆ ಐದು. ಎರಡಕ್ಕೂ ಸೇರಿ ಆಗೋ ಖರ್ಚು ನಮ್ಮ ಫೆಸ್ಟ್‌ನ ಒಂದು ಫ್ಲೆಕ್ಸ್‌ಗಿಂತ ಹೆಚ್ಚಾಗಲ್ಲ. ಎಸ್‌ಎಇ ಕ್ಲಬ್‌ನವರೋ ನಮ್ಮ ಕನ್ನಡ ಸಂಘವೋ, ಯಾರು ಕೊಂಡರೂ ಸರಿ. ಗೇಜ್ ಡಯಲ್ ಮೇಲೆ ಕನ್ನಡದಲ್ಲಿ ಅಂಕಿ ಅಂಟಿಸೋ ಕೆಲಸ ಬೇಕಾದ್ರೆ ನಾವು ವಹಿಸ್ಕೊಳ್ತೀವಿ.